ಜಲವರ್ಣದಲ್ಲಿ ಕಂಡ ಪುಣೆ

ಪುಣೆಗೆ ಬಂದ ನೆಂಟರಿಗೆ ಊರು ತೋರಿಸುವ ಕೆಲಸದಲ್ಲಿ ನಮಗೆ ಈಗ ಒಂದು ಬಗೆಯ ಪಾಂಡಿತ್ಯವೇ ಬಂದಿದೆ. ಹನ್ನೊಂದು ವರ್ಷಗಳಿಂದ ಇಲ್ಲಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದೇವೆ. (ನಾವು, ನಾವು ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಗಲ್ಲ. ಇಷ್ಟು ವರ್ಷ 'ಈ ಕಚೇರಿಯು ತಮಗೆ ತಿಳಿಸುವುದೇನೆಂದರೆ' ಎಂದೇ ಬರೆದೂ ಬರೆದೂ 'ನಾನು' ಎಂಬ ಶಬ್ದ ನಮ್ಮ ಲೇಖನಿಯಿಂದ ಇಳಿಯದಂತಾಗಿದೆ.) ಹುಬ್ಬಳ್ಳಿಯ ರಾತ್ರಿ ಬಸ್ಸಿಗೆ ಬಂದವರಿಗೆ ಸ್ವಾರಗೇಟಿನಲ್ಲಿ ಚಹಾ ಕುಡಿಸಿ ಮನೆಗೆ ಕರೆತರುವುದು; ಸ್ನಾನವಾದ ಮೇಲೆ ಶನಿವಾರವಾಡೆ, ದಗಡೂಶೇಟ ಗಣಪತಿ; ಸಂಜೆ ಪರ್ವತಿಯ ಮೆಟ್ಟಿಲು; ಮರುದಿನ ಸಿಂಹಗಡದ ಮೇಲೆ ಪಿಠಲೆ-ಭಾಕ್ರಿ; ಹೊರಡುವ ದಿನ ಬಾಕರವಡಿಯ ಪೊಟ್ಟಣ. ಶನಿವಾರವಾಡೆಯ ದಿಲ್ಲಿ ದರವಾಜೆಯ ಮುಂದೆ ನಿಂತು, "೧೭೩೨ರಲ್ಲಿ ಕಟ್ಟಿ ಮುಗಿಸಿದ್ದು, ೧೮೨೮ರ ಬೆಂಕಿಯಲ್ಲಿ ಒಳಗಿನ ಮಹಲುಗಳೆಲ್ಲ ಸುಟ್ಟುಹೋದವು" ಎಂದು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಹೇಳುವಾಗ ಆ ಬಾಗಿಲಿನ ಕಡೆಗೆ ನೋಡುವುದನ್ನೂ ಬಿಟ್ಟುಬಿಟ್ಟಿದ್ದೆವು ಎಂಬುದು ನಮ್ಮ ಅರಿವಿಗೆ ಬಂದದ್ದು ಮಾತ್ರ ತೀರ ಇತ್ತೀಚೆಗೆ.

ಹೋದ ದೀಪಾವಳಿಯಿಂದ ಈ ಸಲದ ಮೃಗಶಿರದವರೆಗೆ ನಾವು ಇದೇ ಊರನ್ನು ಹೊಸದಾಗಿ ತಿರುಗಿದೆವು. ಕೈಯಲ್ಲಿ ಪ್ರವಾಸಿಗರ ನಕಾಶೆ ಇರಲಿಲ್ಲ. ಒಬ್ಬ ಚಿತ್ರಕಾರರ ಪುಸ್ತಕವಿತ್ತು. ಮುಂದೆ ನಡೆಯುತ್ತಿದ್ದವಳು ಹನ್ನೆರಡು ತುಂಬಿ ಹದಿಮೂರಕ್ಕೆ ಬಿದ್ದಿರುವ ನಮ್ಮ ಮಗಳು.

ಇದಕ್ಕೆ ಕಾರಣವಾದದ್ದು ಒಂದು ದೂರು. ಮಗಳನ್ನು ಗಣಿತ-ವಿಜ್ಞಾನಗಳ ಒಂದು ಖಾಸಗಿ ತರಗತಿಗೆ ಸೇರಿಸಿದ್ದೆವು. ಮುಂದೆ ಇಂಜಿನಿಯರಿಂಗಿಗೆ ಹೋಗಬೇಕಾದರೆ ಅಡಿಪಾಯ ಈಗಲೇ ಬೀಳಬೇಕು ಎಂಬುದು ಇಂದಿನ ಶಾಸ್ತ್ರವಷ್ಟೆ. ರವಿವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಪಾಠ. ಫೀಸಿನ ಮೊದಲ ಕಂತಿಗಾಗಿ ನಮ್ಮ ಸೊಸೈಟಿಯಲ್ಲಿ ಸಾಲ ಎತ್ತಿದ್ದೆವು. ನವೆಂಬರಿನಲ್ಲಿ ತರಗತಿಯವರಿಂದ ಒಂದು ಸಂದೇಶ ಬಂತು: ತಮ್ಮ ಮಗಳು ಪರೀಕ್ಷೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಚಿತ್ರ ಬರೆದಿದ್ದಾಳೆ, ದಯವಿಟ್ಟು ಗಮನ ಕೊಡಿರಿ. ಜೊತೆಗೆ ಆ ಹಾಳೆಯ ಫೋಟೋ. ಕಿಟಕಿಯ ಹೊರಗಿನ ನೀರಿನ ಟಾಕಿ, ಅದರ ಮೇಲೆ ಕುಳಿತ ಪಾರಿವಾಳ, ಕೆಳಗೆ ಅಡ್ಡಾದಿಡ್ಡಿ ನಿಲ್ಲಿಸಿದ ಸ್ಕೂಟರುಗಳು. ನಮ್ಮಾಕೆ ಅದನ್ನು ನೋಡಿ, "ಟಾಕಿ ಛಲೋ ಬಂದದ ನೋಡ್ರಿ" ಅಂದಳು. ನಮಗೆ ಸಿಟ್ಟು ಬಂತು. ಚಿತ್ರ ನಿಜವಾಗಿಯೂ ಛಲೋ ಬಂದಿತ್ತು, ಸಿಟ್ಟು ಹೆಚ್ಚಾದದ್ದು ಅದಕ್ಕೇ.

ಆ ಸಿಟ್ಟಿಗೆ ಇಪ್ಪತ್ತೈದು ವರ್ಷದ ಹಳೆಯ ಬೇರು ಇದೆ. ನಮ್ಮ ತಂದೆ ಗದಗಿನ ಹತ್ತಿರದ ಒಂದು ಊರಿನಲ್ಲಿ ಪೋಸ್ಟ್‌ಮಾಸ್ತರರಾಗಿದ್ದರು. ಹೈಸ್ಕೂಲಿನಲ್ಲಿ ನಾವು ಡ್ರಾಯಿಂಗಿನ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಎರಡೂ ಪರೀಕ್ಷೆ ಪಾಸು ಮಾಡಿದ್ದೆವು. ಡ್ರಾಯಿಂಗ್ ಮಾಸ್ತರರು ಒಂದು ದಿನ ಮನೆಗೇ ಬಂದು, "ಹುಡುಗನ ಕೈಯಾಗ ಏನೋ ಅದರಿ, ಗದಗಿಗೆ ಚಿತ್ರಕಲಾ ಶಾಲೆಗೆ ಕಳಿಸ್ರಿ" ಎಂದು ತಂದೆಯವರಿಗೆ ಹೇಳಿದರು. ತಂದೆ ಅವರಿಗೆ ಚಹಾ ಕೊಟ್ಟು ಕಳಿಸಿ, ನಮ್ಮ ಕಡೆಗೆ ತಿರುಗಿ, "ಬಣ್ಣ ಬಳಕೋತ ಕುಂತರ ಹೊಟ್ಟಿ ತುಂಬತದೇನು?" ಎಂದಷ್ಟೇ ಕೇಳಿದರು. ನಾವು ಉತ್ತರ ಕೊಡಲಿಲ್ಲ. ಬಿ.ಎ. ಆಯಿತು, ಸ್ಪರ್ಧಾ ಪರೀಕ್ಷೆ ಆಯಿತು, ನೌಕರಿ ಆಯಿತು, ಹೊಟ್ಟೆಯೂ ತುಂಬಿತು. ತಂದೆಯವರ ಮೇಲೆ ನಮಗೆ ಸಿಟ್ಟೇನೂ ಇಲ್ಲ. ಆದರೆ ಅದೇ ಪ್ರಶ್ನೆ ಅದೇ ಧ್ವನಿಯಲ್ಲಿ ನಮ್ಮ ಬಾಯಿಂದ ಮಗಳ ಮುಂದೆ ಹೊರಟದ್ದನ್ನು ಕೇಳಿ ನಾವೇ ಗಾಬರಿಯಾದೆವು. ಅವಳೂ ಉತ್ತರ ಕೊಡಲಿಲ್ಲ. ಬ್ರಷ್ಷು ತೊಳೆದು ಡಬ್ಬಿಯಲ್ಲಿಟ್ಟು ಒಳಗೆ ಹೋದಳು.

ಮರುದಿನ ಕಚೇರಿ ಬಿಟ್ಟ ಮೇಲೆ ಗಣಿತದ ಒಂದು ಮಾರ್ಗದರ್ಶಿ ಕೊಳ್ಳೋಣವೆಂದು ಅಪ್ಪಾ ಬಳವಂತ ಚೌಕಿಗೆ ಹೋದೆವು. ಪುಣೆಯ ವಿದ್ಯಾರ್ಥಿಗಳಿಗೆಲ್ಲ ಅದೇ ಪುಸ್ತಕದ ಸಂತೆ. ಜೂನ್ ತಿಂಗಳಿನಲ್ಲಂತೂ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾರ್ಗದರ್ಶಿಗಳ ರಾಶಿಯ ಪಕ್ಕದಲ್ಲೇ ಅಗಲವಾದ ಒಂದು ಪುಸ್ತಕ ಮುಖ ಮೇಲಾಗಿ ಬಿದ್ದಿತ್ತು. ತೆರೆದರೆ ಒಂದು ಓಣಿ. ಸಂಜೆಯ ಬಿಸಿಲು ಒಂದು ಗೋಡೆಯ ಮೇಲೆ ಮಾತ್ರ ಬಿದ್ದಿದೆ, ಉಳಿದದ್ದೆಲ್ಲ ನೇರಳೆ ನೆರಳು. ಚಿತ್ರಕಾರರ ಹೆಸರು ಮಿಲಿಂದ ಮುಳೀಕ. ಪ್ರಕಟಿಸಿದವರು ಪುಣೆಯವರೇ ಆದ ಜ್ಯೋತ್ಸ್ನಾ ಪ್ರಕಾಶನದವರು. ಮಾರ್ಗದರ್ಶಿಯನ್ನೂ ಕೊಂಡೆವು, ಇದನ್ನೂ ಕೊಂಡೆವು. ಮನೆಗೆ ಬಂದು ಮೇಜಿನ ಮೇಲೆ ಎರಡನ್ನೂ ಇಟ್ಟು ಏನೂ ಮಾತಾಡದೆ ಕೈಕಾಲು ತೊಳೆಯಲು ಹೋದೆವು. ಬರುವಷ್ಟರಲ್ಲಿ ಮಾರ್ಗದರ್ಶಿ ಒಂದೇ ಮೇಜಿನ ಮೇಲೆ ಉಳಿದಿತ್ತು.

ಮುಳೀಕರ ಬಗೆಗೆ ನಮ್ಮ ವಾಚಕರಲ್ಲಿ ಕೆಲವರಿಗೆ ತಿಳಿದಿರಬಹುದು. ತಿಳಿಯದವರಿಗಾಗಿ ನಾಲ್ಕು ಮಾತು. ಅವರು ಹುಟ್ಟಿದ್ದು ೧೯೬೦ರಲ್ಲಿ, ಈ ಊರಿನಲ್ಲೇ. ತಂದೆ ಪ್ರತಾಪ ಮುಳೀಕರೂ ಚಿತ್ರಕಾರರು. ಆ ಹೆಸರು ಗೊತ್ತಿಲ್ಲದವರಿಗೂ ಅವರ ಕೈ ಗೊತ್ತಿರಲೇಬೇಕು. ನಾವೆಲ್ಲ ಹುಡುಗರಾಗಿದ್ದಾಗ ಅಂಗಿಯೊಳಗೆ ಬಚ್ಚಿಟ್ಟುಕೊಂಡು ಓದಿದ ಅಮರ ಚಿತ್ರ ಕಥೆಗಳಲ್ಲಿ ಎಷ್ಟೋ ಪುಸ್ತಕಗಳಿಗೆ ಚಿತ್ರ ಬರೆದವರು ಅವರು. ೧೯೮೬ರಲ್ಲಿ ಹಿಂದಿಯಲ್ಲಿ ಹೊರಟ ನಾಗರಾಜನ ಚಿತ್ರಕಥೆಗೂ ಮೊದಲು ರೂಪ ಕೊಟ್ಟ ಕೈ ಅವರದೇ. ಅಮರ ಚಿತ್ರ ಕಥೆಯನ್ನು ೧೯೬೭ರಲ್ಲಿ ಆರಂಭಿಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಹೀಗೆ ಕಾರ್ಕಳದವರು ಹೇಳಿಸಿದ ಕಥೆಗೆ ಪುಣೆಯವರು ಚಿತ್ರ ಬರೆದು, ಅದನ್ನು ಗದಗಿನ ಕಡೆಯ ಪೋಸ್ಟ್‌ಮಾಸ್ತರರ ಮಗ ಓದಿ ಪಟ್ಟೆ ತಿಂದ ಎಂದ ಮೇಲೆ ಮುಳೀಕ ಮನೆತನ ನಮಗೆ ತೀರ ಪರಕೀಯವೇನಲ್ಲ.

ಮನೆಯಲ್ಲೇ ಇಂಥ ಗುರು ಇದ್ದ ಮೇಲೆ ಮಗನ ಕೈ ಎಳವೆಯಲ್ಲೇ ಪಳಗಿತು. ಹದಿಮೂರನೆಯ ವಯಸ್ಸಿಗೆ ಚಿತ್ರಕಲೆಯಲ್ಲಿ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನ ಸಿಕ್ಕಿತು. ಇದನ್ನು ಓದಿದಾಗ ನಮ್ಮ ಮಗಳು ಪುಸ್ತಕದಿಂದ ತಲೆಯೆತ್ತಿ ನಮ್ಮ ಮುಖ ನೋಡಿದಳು. ಆದರೆ ಮುಂದಿನ ಸಾಲು ನಮ್ಮ ಪಕ್ಷಕ್ಕೆ ಬಂತು: ಮುಳೀಕರು ಓದಿದ್ದು ಇಂಜಿನಿಯರಿಂಗ್! ಪದವಿಯನ್ನೂ ಪಡೆದರು. "ನೋಡಿದಿಯಾ?" ಅಂದೆವು ನಾವು. ಅದರ ಮುಂದಿನದು ಮತ್ತೆ ಅವಳ ಪಕ್ಷಕ್ಕೆ: ಪದವಿ ಪಡೆದವರು ಕೊನೆಗೆ ಹಿಡಿದದ್ದು ಕುಂಚವನ್ನೇ. ಹೀಗೆ ಒಬ್ಬರ ಜೀವನಚರಿತ್ರೆ ಒಂದೇ ಮನೆಯಲ್ಲಿ ಎರಡೂ ಕಡೆಯ ವಕೀಲರಿಗೆ ಸಾಕ್ಷಿ ಹೇಳತೊಡಗಿತು.

ಅವರ ಪುಸ್ತಕಗಳು ಹಲವು ಇವೆ. ಜಲವರ್ಣದ ಬಗ್ಗೆ, ಸ್ಕೆಚ್ಚಿನ ಬಗ್ಗೆ, ಪರ್ಸ್ಪೆಕ್ಟಿವ್ ಅಂದರೆ ದೂರದ್ದು ಚಿಕ್ಕದಾಗಿ ಕಾಣುವ ಲೆಕ್ಕಾಚಾರದ ಬಗ್ಗೆ, ದಪ್ಪ ಬಣ್ಣದ ಬಗ್ಗೆ, ನಿಸರ್ಗದೃಶ್ಯವನ್ನು ಹಂತಹಂತವಾಗಿ ಬರೆಯುವ ಬಗ್ಗೆ. ಜನರ ಮುಂದೆ ನಿಂತು ಚಿತ್ರ ಬರೆದು ತೋರಿಸುತ್ತಾರೆ, ಶಿಬಿರಗಳನ್ನು ನಡೆಸುತ್ತಾರೆ. ದೊಡ್ಡ ಕಲಾವಿದರು ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ನಾವು ಕೇಳಿದ್ದೆವು. ಇವರು ಮೊದಲ ಗೆರೆ, ಮೊದಲ ತೆಳು ಬಣ್ಣ, ಆಮೇಲೆ ನೆರಳು, ಕೊನೆಗೆ ತುದಿ ಕುಂಚದ ಕೆಲಸ ಎಂದು ಅಡುಗೆ ಹೇಳಿಕೊಟ್ಟಂತೆ ಬಿಡಿಸಿಟ್ಟಿದ್ದಾರೆ. ಆದರೆ ನಮ್ಮ ತಾಯಿ ಹೇಳಿದ ಅಳತೆಯಲ್ಲೇ ಮಾಡಿದರೂ ನಮ್ಮಾಕೆಯ ಕೈಯಲ್ಲಿ ಆ ಸಾರು ಬರುವುದಿಲ್ಲ, ಇಲ್ಲಿಯೂ ಅದೇ ಕಥೆ.

ಜಲವರ್ಣವೆಂಬುದು ಕರುಣೆಯಿಲ್ಲದ ಮಾಧ್ಯಮ. ಎಣ್ಣೆಬಣ್ಣದಲ್ಲಿ ತಪ್ಪಿದರೆ ಅದರ ಮೇಲೆ ಇನ್ನೊಂದು ಬಣ್ಣ ಬಳಿದು ಮುಚ್ಚಬಹುದು. ಇಲ್ಲಿ ಬಣ್ಣ ಪಾರದರ್ಶಕ. ಕೆಳಗಿನ ತಪ್ಪು ಮೇಲಿನ ಬಣ್ಣದೊಳಗಿಂದ ಇಣುಕುತ್ತದೆ. ಬಿಳಿ ಬೇಕಾದಲ್ಲಿ ಬಿಳಿ ಬಣ್ಣ ಹಾಕುವುದಲ್ಲ, ಕಾಗದವನ್ನು ಹಾಗೇ ಬಿಡಬೇಕು. ಎಲ್ಲಿ ಕೈ ಇಡಬಾರದು ಎಂಬುದನ್ನು ಮೊದಲೇ ನಿಶ್ಚಯಿಸಿ ಕುಂಚವನ್ನು ನೀರಿಗೆ ಅದ್ದಬೇಕು. ತಿಳಿಯದರಿಂದ ಗಾಢಕ್ಕೆ ಹೋಗಬೇಕೇ ಹೊರತು ಗಾಢದಿಂದ ತಿಳಿಗೆ ಬರುವಂತಿಲ್ಲ. ಕಾಗದ ಎಷ್ಟು ಒದ್ದೆಯಿದೆ ಎಂಬುದನ್ನು ನೋಡಿಯೇ ಕೆಲಸ. ಒದ್ದೆಯಿರುವಾಗ ಮುಟ್ಟಿದರೆ ಬಣ್ಣ ಮೋಡದಂತೆ ಹರಡುತ್ತದೆ, ಒಣಗಿದ ಮೇಲೆ ಮುಟ್ಟಿದರೆ ಅಂಚು ಕೊಯ್ದಂತೆ ನಿಲ್ಲುತ್ತದೆ, ಅರೆಬರೆ ಒಣಗಿದಾಗ ಮುಟ್ಟಿದರೆ ಹೂಕೋಸಿನ ಆಕಾರದ ಕಲೆ ಏಳುತ್ತದೆ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಈ ಮೂರು ಸ್ಥಿತಿಗಳೂ ಒಂದು ನಿಮಿಷದಲ್ಲಿ ಮುಗಿದುಹೋಗುತ್ತವೆ. ಅದಕ್ಕೇ ಕಾಗದ ದಪ್ಪವಿರಬೇಕು, ಚದರ ಮೀಟರಿಗೆ ೩೦೦ ಗ್ರಾಂ ತೂಗುವಂಥದು ವಾಸಿ. ಶಿವಾಜಿನಗರದಲ್ಲಿ ೧೯೪೦ರಿಂದ ನಡೆದುಬಂದ ಕೈಕಾಗದದ ಸಂಸ್ಥೆಯೊಂದಿದೆ. ಅಲ್ಲಿಂದ ಕೆಲವು ಹಾಳೆ ತಂದುಕೊಟ್ಟೆವು. ಸಿಟ್ಟಿನ ವಾರ ಕಳೆದು ಆಗಲೇ ನಾವು ಹಾಳೆ ತರುವ ಸ್ಥಿತಿಗೆ ಬಂದಿದ್ದೆವೆಂಬುದನ್ನು ಗಮನಿಸಿರಿ.

ಕನ್ನಡಿಗರಿಗೆ ಜಲವರ್ಣ ಹೊಸದಲ್ಲ. ಕೆ. ವೆಂಕಟಪ್ಪನವರು ಊಟಿಯ ಮಂಜನ್ನು ಬರೆದದ್ದು ಇದೇ ನೀರು ಬಣ್ಣದಲ್ಲಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕತ್ತಲ ಕೋಣೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರವನ್ನು ನೋಡದ ಶಾಲಾ ಪ್ರವಾಸ ಯಾವುದಿದೆ? ಅದನ್ನು ರವಿವರ್ಮನದೆಂದೂ ಎಣ್ಣೆಬಣ್ಣದ್ದೆಂದೂ ಎಷ್ಟೋ ಜನ ನಂಬಿದ್ದಾರೆ, ನಾವೂ ನಂಬಿದ್ದೆವು. ಅದು ಜಲವರ್ಣ. ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ, ೧೯೪೫-೪೬ರ ಸುಮಾರಿಗೆ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆಕೆ ಕೊಲ್ಹಾಪುರದಲ್ಲಿ ನೂರು ದಾಟಿ ಬದುಕಿ ೨೦೧೮ರಲ್ಲಿ ತೀರಿಕೊಂಡರು. ಬೆರಳ ಸಂದಿನಿಂದ ಹೊರಬೀಳುವ ಆ ಕೆಂಪು ಬೆಳಕನ್ನು ತಿದ್ದಲು ಬರದ ಬಣ್ಣದಲ್ಲಿ ಬರೆದರೆಂದು ಗೊತ್ತಾದ ದಿನ, ಮಗಳ ಹಾಳೆ ಕೆಟ್ಟರೆ ಬಯ್ಯುವುದನ್ನು ನಾವು ನಿಲ್ಲಿಸಿದೆವು.

ತರಗತಿಗೆ ಒಂದೂ ದಿನ ತಪ್ಪಿಸಬಾರದು, ಮಧ್ಯಾಹ್ನ ಮೂರೂವರೆಯ ನಂತರ ಮಾತ್ರ ಹೊರಗೆ ಎಂಬ ಕರಾರಿನ ಮೇಲೆ ನಮ್ಮ ರವಿವಾರಗಳು ಆರಂಭವಾದವು. ಮೊದಲ ಸಲ ಹೋದದ್ದು ಮುಠಾ ನದಿಯ ದಂಡೆಗೆ, ಓಂಕಾರೇಶ್ವರನ ಗುಡಿಯ ಹತ್ತಿರ. ಪೇಶವೆಯವರ ಕಾಲದ ಗುಡಿ. ನದಿ ಮಾತ್ರ ನಮ್ಮ ಕಾಲದ್ದು, ಹಾಗೆಂದರೆ ಬಹಳ ಹೊತ್ತು ಮೂಗು ಬಿಟ್ಟುಕೊಂಡು ಕೂರುವಂತಿಲ್ಲ. ೨೦೨೩ರ ಆಗಸ್ಟಿನಿಂದ ದಂಡೆಗುಂಟ ಕಂಬಗಳ ಮೇಲೆ ಮೆಟ್ರೋ ರೈಲು ಓಡುತ್ತಿದೆ. "ಆ ಕಂಬ ಬಿಟ್ಟು ಬರಿ, ಗುಡಿ ಅಷ್ಟ ಬರಿ" ಎಂದು ನಾವು ಸಲಹೆ ಕೊಟ್ಟೆವು. ಮಗಳು ಕೇಳಲಿಲ್ಲ. "ಕಂಬದ ನೆರಳು ನೀರಾಗ ಎಷ್ಟು ಛಂದ ಬಿದ್ದದ ನೋಡಪಾ" ಅಂದಳು. ಹನ್ನೊಂದು ವರ್ಷ ಸೇತುವೆಯ ಮೇಲೆ ಸ್ಕೂಟರಿನಲ್ಲಿ ಹೋಗುವಾಗ ಆ ನೀರಿನಲ್ಲಿ ನೆರಳು ಬೀಳುತ್ತದೆಂಬುದೇ ನಮಗೆ ತಿಳಿದಿರಲಿಲ್ಲ.

ಚಿತ್ರ ಕೆಟ್ಟಿತು. ನೀರು, ಗುಡಿ, ಕಂಬ, ಆಕಾಶ ಎಲ್ಲ ಕೂಡಿ ಕೆಸರಾದವು. ಮೂರು ಬಣ್ಣಕ್ಕಿಂತ ಹೆಚ್ಚು ಬೆರೆಸಿದರೆ ಹೀಗೇ ಆಗುತ್ತದಂತೆ. ಅವಳು ಹಾಳೆಯನ್ನು ಮಡಚಲು ಹೋದಳು. ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತ ಕುಳಿತಿದ್ದ ಒಬ್ಬ ವೃದ್ಧರು ಕೈ ಮಾಡಿ ತಡೆದು, ಮರಾಠಿಯಲ್ಲಿ, "ಇರಲಿ ಮಗೂ, ಪಾನಶೆತದ ವರ್ಷ ಹೀಗೇ ಕಾಣುತ್ತಿತ್ತು" ಎಂದರು. ೧೯೬೧ರ ಜುಲೈ ೧೨ರಂದು ಪಾನಶೆತ ಅಣೆಕಟ್ಟು ಒಡೆದು ಊರಿನೊಳಗೆ ನೀರು ನುಗ್ಗಿತ್ತು. ಈ ದಂಡೆಯ ಪೇಠೆಗಳ ಎಷ್ಟೋ ಮನೆಗಳು ಬಿದ್ದವು. ಅವರು ಆಗ ಏಳು ವರ್ಷದವರು. ಯಾವ ಮನೆಯ ಅಟ್ಟದ ಮೇಲೆ ಕುಳಿತಿದ್ದರು, ಏನು ತೇಲಿಕೊಂಡು ಬಂತು, ನೀರಿಳಿದ ಮೇಲೆ ಬಾವಿಯಿಂದ ಏನೇನು ತೆಗೆದರು ಎಂದೆಲ್ಲ ಕತ್ತಲಾಗುವವರೆಗೆ ಹೇಳಿದರು. ನೆಂಟರನ್ನು ಕರೆದುಕೊಂಡು ಬಂದಾಗ ಈ ಊರಿನವರು ಯಾರೂ ನಮ್ಮೊಡನೆ ಹೀಗೆ ಮಾತಾಡಿದ್ದಿಲ್ಲ. ಪುಣೆಯವರು ಬಿಗಿ ಎಂದು ಹೆಸರು. ಬಣ್ಣದ ಡಬ್ಬಿಯ ಮುಂದೆ ಆ ಬಿಗಿ ನಿಲ್ಲುವುದಿಲ್ಲವೆಂದು ನಾವು ಅನುಭವದಿಂದ ಹೇಳಬಲ್ಲೆವು.

ಮಂಡಈಯ ಅನುಭವವೇ ಬೇರೆ. ಮಹಾತ್ಮಾ ಫುಲೆ ಮಂಡಈ ಎಂದರೆ ೧೮೮೬ರಲ್ಲಿ ತೆರೆದ ಕಾಯಿಪಲ್ಯೆಯ ಪೇಟೆ. ಆಗ ಮುಂಬಯಿಯ ಗವರ್ನರನ ಹೆಸರಿನಿಂದ ರೇ ಮಾರ್ಕೆಟ್ ಎನ್ನುತ್ತಿದ್ದರು. ನಡುವೆ ಇಗರ್ಜಿಯಂಥ ಎತ್ತರದ ಗೋಪುರ, ಅದರ ಕೆಳಗೆ ಮೆಂತ್ಯೆ, ಹಸಿಮೆಣಸಿನಕಾಯಿ, ನಿಂಬೆಹಣ್ಣು. ಇಲ್ಲಿ ನಮ್ಮ ಮಗಳಿಗೆ ಜನರನ್ನು ಬರೆಯುವ ಸಂಕಟ. ಒಬ್ಬೊಬ್ಬರ ಕಣ್ಣು ಮೂಗು ಬರೆಯಲು ಹೋಗಿ, ಮೂರನೆಯ ಹೆಂಗಸಿನ ಮೂಗು ಬರುವಷ್ಟರಲ್ಲಿ ಮೊದಲಿನಾಕೆ ಬದನೆಕಾಯಿ ಕೊಂಡು ಮನೆಗೆ ಹೋಗಿಬಿಟ್ಟಿದ್ದಳು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಮುಳೀಕರ ಪುಸ್ತಕ ಬಿಡಿಸಿ ನೋಡಿದೆವು. ಅವರ ಸಂತೆಯ ಚಿತ್ರದಲ್ಲಿ ಹತ್ತಿರದಿಂದ ನೋಡಿದರೆ ಮನುಷ್ಯರೇ ಇಲ್ಲ! ತಲೆಗೆ ಒಂದು ಚುಕ್ಕೆ, ಮೈಗೆ ಒಂದು ಎಳೆತ, ಕಾಲಿನ ಜಾಗದಲ್ಲಿ ಬಣ್ಣ ಸುಮ್ಮನೆ ಕೆಳಗೆ ಸೋರಿಹೋಗಿದೆ. ಪುಸ್ತಕವನ್ನು ಮಾರು ದೂರ ಹಿಡಿದರೆ ಚೀಲ ಹಿಡಿದ ಗಂಡಸು, ಬಗ್ಗಿ ಆರಿಸುವ ಮುದುಕಿ, ಅವಸರದ ಹುಡುಗ ಎಲ್ಲ ಎದ್ದು ನಿಲ್ಲುತ್ತಾರೆ. ನಾವು ಕಚೇರಿಯಲ್ಲಿ ಹದಿನಾರು ಕಾಲಮ್ಮಿನ ತಖ್ತೆ ತುಂಬುವವರು. ಒಂದು ಕಾಲಮ್ಮು ಖಾಲಿ ಬಿಟ್ಟರೆ ಮೆಮೋ ಬರುತ್ತದೆ. ಈ ಮನುಷ್ಯ ಹತ್ತರಲ್ಲಿ ಎಂಟು ಕಾಲಮ್ಮು ಖಾಲಿ ಬಿಟ್ಟು ಲೆಕ್ಕ ಸರಿಹೊಂದಿಸಿದ್ದಾರಲ್ಲ ಎಂದು ಬೆರಗಾದೆವು. ಅಲ್ಲಿಂದ ತುಳಶೀಬಾಗಿನ ರಾಮನ ಗುಡಿಗೆ ಹೋಗಿ, ಮಗಳು ಸಿಖರ ಬರೆಯುವಷ್ಟರಲ್ಲಿ ನಮ್ಮಾಕೆ ಓಣಿಯ ಅಂಗಡಿಗಳಲ್ಲಿ ಮೂರು ಜರಡಿ ಕೊಂಡಿದ್ದಳು. ಮೂರು ಯಾಕೆಂದು ನಾವು ಕೇಳಲಿಲ್ಲ.

ಈಗ ವಾಡೆಯ ವಿಷಯ. ಪುಣೆಗೆ ಬಂದ ಹೊಸತರಲ್ಲಿ ನಾಲ್ಕು ವರ್ಷ ಸದಾಶಿವ ಪೇಠೆಯ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ ಹಿಡಿದಿದ್ದೆವು. ಕಟ್ಟಿಗೆಯ ಕಂಬ, ನಡುವೆ ಅಂಗಳ, ಅಂಗಳದಲ್ಲಿ ತುಳಸಿಕಟ್ಟೆ, ಒಂದು ನಳ, ನಳದ ಮುಂದೆ ಆರು ಮನೆಯವರ ಕೊಡಗಳ ಸಾಲು. ಮಗಳು ಮೊದಲು ಎದ್ದು ನಡೆದದ್ದು ಆ ಅಂಗಳದಲ್ಲಿ. ಮಾಲಕಿ ಆಜಿ ಅವಳಿಗೆ ಮರಾಠಿ ಕಲಿಸಿದರು, ಅವಳು ಆಜಿಗೆ 'ಸಾಕು', 'ಬ್ಯಾಡ' ಎಂಬ ಎರಡು ಕನ್ನಡ ಶಬ್ದ ಕಲಿಸಿದ್ದಳು. ಜನವರಿಯಲ್ಲಿ ಸುದ್ದಿ ಬಂತು: ವಾಡೆಯನ್ನು ಕೆಡವಿ ಏಳು ಮಜಲಿನ ಕಟ್ಟಡ ಏಳಿಸುವುದು ನಿಶ್ಚಯವಾಗಿದೆ, ಮಾರ್ಚಿ ಮುಗಿಯುವುದರೊಳಗೆ ಎಲ್ಲರೂ ಬಿಡಬೇಕು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಕಂಬಗಳಿಗೆ ಗೆದ್ದಲು ಹತ್ತಿತ್ತು, ಮಳೆಗಾಲದಲ್ಲಿ ಮೇಲಿನ ಮಜಲಿನವರು ಪಾತ್ರೆ ಇಟ್ಟು ಮಲಗುತ್ತಿದ್ದರು. ಹೊಸ ಮನೆಯಲ್ಲಿ ಆಜಿಗೆ ಲಿಫ್ಟು ಸಿಗುತ್ತದೆ, ಮಂಚದ ಹತ್ತಿರ ಪಾಯಿಖಾನೆ ಸಿಗುತ್ತದೆ. ಕಸಬೆ, ಶನಿವಾರ, ನಾರಾಯಣ, ಸದಾಶಿವ—ಯಾವ ಪೇಠೆಗೆ ಹೋದರೂ ಇದೇ ನಡೆದಿದೆ. ಮುಳೀಕರ ಪುಸ್ತಕದಲ್ಲಿಯ ಓಣಿಗಳನ್ನು ಹುಡುಕಿಕೊಂಡು ಹೊರಟ ನಮಗೆ, ಇಂಥ ಬಾಗಿಲು ಇಲ್ಲೇ ಇದ್ದೀತೆಂದು ಹೋದಲ್ಲೆಲ್ಲ ಹಸಿರು ಜಾಳಿಗೆ ಹೊದ್ದ ಹೊಸ ಕಟ್ಟಡ ಎದುರಾದದ್ದು ಒಂದೆರಡು ಸಲವಲ್ಲ.

ಫೆಬ್ರುವರಿಯ ನಾಲ್ಕೂ ರವಿವಾರ ಮಗಳು ಆ ಅಂಗಳದಲ್ಲಿ ಕುಳಿತಳು. ಮೂರು ಹಾಳೆ ಕೆಟ್ಟವು. ನಾಲ್ಕನೆಯದರಲ್ಲಿ ತುಳಸಿಕಟ್ಟೆಯ ಒಂದು ಬದಿಯನ್ನು ಬಣ್ಣವೇ ಮುಟ್ಟಿಸದೆ ಬಿಟ್ಟು, ಸುತ್ತಲೂ ನೆರಳು ತುಂಬಿದಳು. ನಳ ಸೊಟ್ಟಗಾಗಿತ್ತು, ಕಂಬಗಳು ಒಂದಕ್ಕೊಂದು ಬಾಗಿದ್ದವು (ನಿಜವಾಗಿಯೂ ಬಾಗಿದ್ದವೆಂದು ಅವಳ ವಾದ). ಆಜಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಉಳಿದಿದೆ. ಹಾಳೆಯನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ನಮ್ಮ ನಿರೀಕ್ಷೆ, ಆಹಾ ಎನ್ನುವರು ಎಂದು. ಅವರು, "ಹೇ ತರ ಪಾಚ ವಾಜತಾಚಂ ಊನ" ಎಂದರು. ಇದು ಐದು ಗಂಟೆಯ ಬಿಸಿಲು, ಎಂದು. ಸರಿಯಾಗಿತ್ತು, ಮಗಳು ಅದನ್ನು ಬರೆದದ್ದು ಐದಕ್ಕೇ. ಆಮೇಲೆ ಆಜಿ ಹೇಳಿದರು, ಐದಕ್ಕೆ ಬಿಸಿಲು ಕಟ್ಟೆಯ ಆ ಬದಿ ಮುಟ್ಟಿತೆಂದರೆ ಒಲೆಯ ಮೇಲೆ ಚಹಾಕ್ಕೆ ನೀರಿಡುವುದು, ಮದುವೆಯಾಗಿ ಬಂದಂದಿನಿಂದ ಗಡಿಯಾರ ನೋಡಿದ್ದಿಲ್ಲ ಎಂದು. ಹೊಸ ಮನೆಯಲ್ಲಿ ಯಾವುದನ್ನು ನೋಡಿ ನೀರಿಡಬೇಕೋ ಎಂದು ಕೇಳಿ ತಾವೇ ನಕ್ಕರು. ಹಾಳೆಯನ್ನು ತಿರುಗಿ ಕೊಡಲಿಲ್ಲ. ನಾವೂ ಕೇಳಲಿಲ್ಲ. ಈಗ ಅದು ಕೋಥರೂಡಿನ ಬಾಡಿಗೆ ಮನೆಯಲ್ಲಿ, ಅವರ ಮಂಚದಿಂದ ಕಾಣುವಂತೆ ಗೋಡೆಗಿದೆ. ಗೋಡೆಗೆ ಮೊಳೆ ಹೊಡೆಯಬಾರದೆಂದು ಅಲ್ಲಿಯ ಮಾಲಕರ ಕರಾರಿರುವುದರಿಂದ ಅಂಟುಪಟ್ಟಿಯಿಂದ ಹಚ್ಚಿದ್ದಾರೆ.

ಆ ದಿನ ಮನೆಗೆ ಹೋಗುವಾಗ ದಾರಿ ತಪ್ಪಿಸಿ ಸಂಗಮದ ಕಡೆಯಿಂದ ಬಂದೆವು. ಮುಠಾ ನದಿ ಮುಳೆಯನ್ನು ಕೂಡುವಲ್ಲಿ, ಅದರ ಹತ್ತಿರವೇ ಇಂಜಿನಿಯರಿಂಗ್ ಕಾಲೇಜಿದೆ. ೧೮೫೪ರಲ್ಲಿ ಶುರುವಾದದ್ದು, ಈಗ ವಿಶ್ವವಿದ್ಯಾಲಯವಾಗಿದೆ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಇಲ್ಲಿಯ ವಿದ್ಯಾರ್ಥಿ. ೧೮೮೩ರ ಪರೀಕ್ಷೆಯಲ್ಲಿ ಮೊದಲನೆಯವರಾಗಿ ಪಾಸಾದರು. ಮುಂದೆ ಇದೇ ಮುಠಾ ನದಿಯ ಮೇಲೆ ಖಡಕವಾಸಲೆಯಲ್ಲಿ ತಾವೇ ರೂಪಿಸಿದ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ೧೯೦೩ರಲ್ಲಿ ಕೂಡಿಸಿದರು. ಮಗಳು ಹುಟ್ಟಿದ ವರ್ಷ ಈ ಕಾಲೇಜಿನ ಮುಂದೆ ಸ್ಕೂಟರು ನಿಲ್ಲಿಸಿ, ಇವಳನ್ನು ಇಲ್ಲಿಗೇ ಕಳಿಸಬೇಕೆಂದು ನಾವು ನಿಶ್ಚಯಿಸಿದ್ದೆವು. ಅವಳನ್ನು ಕೇಳುವ ಪ್ರಶ್ನೆ ಆಗ ಇರಲಿಲ್ಲ. ಅವಳಿಗೆ ಹಲ್ಲೇ ಬಂದಿರಲಿಲ್ಲ. ಈಗ ಕಲ್ಲಿನ ಕಟ್ಟಡವನ್ನು ತೋರಿಸಿ, "ಹೆಂಗದ?" ಎಂದೆವು. "ಮುಂಜಾನೆ ಬಂದರ ಛಲೋ. ಈಗ ಬೆಳಕು ಹಿಂದಿನಿಂದ ಬಿದ್ದದ" ಎಂದಳು.

ರಾತ್ರಿ ಊಟವಾದ ಮೇಲೆ ಗಂಡಹೆಂಡಿರ ಚರ್ಚೆ. ಮುಳೀಕರಿಗೆ ಪದವಿ ಬೆನ್ನಿಗಿತ್ತು, ಚಿತ್ರಕಾರ ತಂದೆ ಮನೆಯಲ್ಲಿದ್ದರು. ನಮ್ಮ ಹುಡುಗಿಗೆ ಇರುವವನು ಗುಮಾಸ್ತ ತಂದೆ. ಒಬ್ಬರು ಗೆದ್ದ ದಾರಿಯಲ್ಲಿ ಎಷ್ಟು ಜನ ಬಿದ್ದಿದ್ದಾರೋ ಯಾರು ಬರೆದಿಟ್ಟಿದ್ದಾರೆ? ಇದು ನಮ್ಮ ವಾದ. ನಮ್ಮಾಕೆ ವಾದ ಮಾಡುವವಳಲ್ಲ, ಉದಾಹರಣೆ ಕೊಡುವವಳು. ಬೆಳಗಾವಿಯಲ್ಲಿ ಹುಟ್ಟಿ, ಅಲ್ಲಿಯ ಕೆ. ಬಿ. ಕುಲಕರ್ಣಿ ಮಾಸ್ತರರ ಹತ್ತಿರ ಕಲಿತು, ಮುಂಬಯಿ, ಆಫ್ರಿಕಾ ಎಲ್ಲ ತಿರುಗಿ, ಇದೇ ಪುಣೆಯಲ್ಲಿ ನೆಲೆಸಿ ೨೦೨೨ರಲ್ಲಿ ತೀರಿಕೊಂಡ ರವಿ ಪರಾಂಜಪೆಯವರ ಹೆಸರು ತೆಗೆದಳು. ಅವರು ಹೊಟ್ಟೆ ಹೊರೆದದ್ದು ಚಿತ್ರದಿಂದಲೇ ಅಲ್ಲವೆ? ನಾವು, ಅವರು ಪರಾಂಜಪೆ ಎಂದೆವು. "ನಿಮ್ಮ ಮಾಸ್ತರರು ನಿಮ್ಮ ಮನಿಗೆ ಬಂದಾಗ ಪರಾಂಜಪೆಯವರ ಮಗ ಅಂತ ಬಂದಿದ್ದರೇನ್ರಿ?" ಎಂದಳು. ಇದಕ್ಕೆ ಬಿ.ಎ. ಓದಿನಲ್ಲಿ ಉತ್ತರವಿರಲಿಲ್ಲ. ನಾವು ರುಮಾಲೆ ಚೆನ್ನಬಸವಯ್ಯನವರನ್ನು ಎಳೆದು ತಂದೆವು: ಸ್ವಾತಂತ್ರ್ಯದ ಚಳವಳಿಗಾಗಿ ಕುಂಚ ಕೆಳಗಿಟ್ಟವರು ಐವತ್ತರ ಸುಮಾರಿಗೆ ಮತ್ತೆ ಎತ್ತಿಕೊಂಡು ಬೆಂಗಳೂರಿನ ಹೂ ಬಿಟ್ಟ ಮರಗಳನ್ನೆಲ್ಲ ಬರೆದರು, ಆದ್ದರಿಂದ ಬಿಟ್ಟ ಕುಂಚವನ್ನು ಆಮೇಲೆ ಹಿಡಿಯಬಹುದು, ಅವಸರವಿಲ್ಲ. "ಹಂಗಾರ ನೀವು ಯಾವಾಗ ಹಿಡೀತೀರಿ?" ಎಂದು ದೀಪ ಆರಿಸಿದಳು.

ಮೇ ತಿಂಗಳ ಕೊನೆಗೆ ತರಗತಿಯ ಹೊಸ ವರ್ಷದ ಅರ್ಜಿ ಬಂತು. ಅದರಲ್ಲಿ ಎರಡು ಚೌಕ ಇದ್ದವು: ರವಿವಾರದ ಪೂರ್ಣ ತಂಡ, ಇಲ್ಲವೆ ವಾರದಲ್ಲಿ ಮೂರು ಸಂಜೆಯ ತಂಡ. ಸಂಜೆಯದರಲ್ಲಿ ಪರೀಕ್ಷೆಗಳು ಕಡಿಮೆ, ಪೈಪೋಟಿಗೆ ಅಷ್ಟು ಒಳ್ಳೆಯದಲ್ಲವೆಂದು ಅಲ್ಲಿಯ ಗುಮಾಸ್ತರು ಸ್ನೇಹದಿಂದ ಎಚ್ಚರಿಸಿದರು. ಗುಮಾಸ್ತರ ಎಚ್ಚರಿಕೆಯ ಬೆಲೆ ನಮಗೆ ಗೊತ್ತು. ಮೂರು ದಿನ ಅರ್ಜಿಯನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ಸಂಜೆಯ ಚೌಕದಲ್ಲಿ ಗುರುತು ಹಾಕಿದೆವು. ಅದರೊಂದಿಗೆ, ಇಲ್ಲಿಯ ಶಾಲೆಯ ಮಕ್ಕಳು ಕೂಡುವ ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆಗೆ ಹೆಸರು ಹಚ್ಚಬೇಕೆಂದು ಶಾಲೆಗೆ ಒಂದು ಚೀಟಿಯನ್ನೂ ಬರೆದೆವು. ಇಂಜಿನಿಯರಾಗುತ್ತಾಳೋ ಚಿತ್ರಕಾರಳಾಗುತ್ತಾಳೋ, ಸಂಗಮದ ಕಾಲೇಜಿನ ಆಸೆ ನಾವಿನ್ನೂ ಬಿಟ್ಟಿಲ್ಲ. ಅದನ್ನು ಇಲ್ಲಿ ಬರೆಯಲು ಸಂಕೋಚವೂ ಇಲ್ಲ.

ಜೂನಿನ ಎರಡನೆಯ ರವಿವಾರ ಮತ್ತೆ ಓಂಕಾರೇಶ್ವರದ ದಂಡೆಗೆ ಹೋದೆವು. ಆಕಾಶ ಆ ಕಡೆ ಸಿಂಹಗಡದವರೆಗೆ ಕಪ್ಪಗಾಗಿತ್ತು. ಮಗಳು ತನ್ನ ಹಾಳೆ ಹಚ್ಚಿಕೊಂಡು, ಇನ್ನೊಂದು ಹಾಳೆಯನ್ನು ನಮ್ಮ ತೊಡೆಯ ಮೇಲಿಟ್ಟು, "ನೀನೂ ಬರಿ ಅಪ್ಪಾ" ಅಂದಳು. ಇಪ್ಪತ್ತೈದು ವರ್ಷದ ಮೇಲೆ ಕುಂಚ ಹಿಡಿದ ಕೈ ನಡುಗಿತೆಂದು ಬರೆದರೆ ಕಾದಂಬರಿಯಾದೀತು; ನಡುಗಲಿಲ್ಲ, ಆದರೆ ಸೇತುವೆಯ ಕಮಾನು ಕಡುಬಿನಂತೆ ಬಂತು. ನೀರಿಗೆ ಬಣ್ಣ ಹಾಕಿ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಮೃಗಶಿರದ ದಪ್ಪ ಹನಿಗಳು ಟಪಟಪನೆ ಹಾಳೆಯ ಮೇಲೆಯೇ ಬಿದ್ದವು. ನಾವು ಕರವಸ್ತ್ರ ತೆಗೆದು ಒರೆಸಲು ಹೋದೆವು. "ಒರಸಬ್ಯಾಡಪಾ, ಹಂಗ ಇರಲಿ, ಖರೇ ಮಳಿ ಆಗೇದ" ಎಂದು ಕೂಗಿ ನಮ್ಮ ಹಾಳೆಯನ್ನು ಕಸಿದು, ತನ್ನದನ್ನು ಅದರ ಮೇಲೆ ಮುಚ್ಚಿಕೊಂಡು ಮಗಳು ಸೇತುವೆಯ ಕೆಳಗೆ ಓಡಿದಳು. ಬಣ್ಣದ ಡಬ್ಬಿ, ನೀರಿನ ಬಾಟಲಿ, ಎರಡು ಕೊಡೆ, ಮೂವರ ಚಪ್ಪಲಿ ಇವನ್ನೆಲ್ಲ ಎತ್ತಿಕೊಂಡು ನಾವೂ ನಮ್ಮಾಕೆಯೂ ಹಿಂದಿನಿಂದ ಓಡಿದೆವು.